‘ಟು ಪಿಂಪ್ ಎ ಬಟರ್‌ಫ್ಲೈ’ ಕೇಳಿದವರು ಬನ್ನಿ: ಒಂದು ಹಾಡು ಎಲ್ಲರಿಗೂ ಗೊತ್ತು, ಮಿಕ್ಕ 15 ಹಾಡುಗಳ ಬಗ್ಗೆ ಮಾತಾಡೋಣ

ಶ್ರೀರಾಂಪುರದ ಕೇಳುಗ:

2025ರ ಫೆಬ್ರವರಿಯಲ್ಲಿ ಅಮೆರಿಕನ್ ಫುಟ್‌ಬಾಲ್ ಫೈನಲ್ ಸೂಪರ್ ಬೌಲ್ ನಡುವೆ ಅಲ್ಲಿನ ರ‍್ಯಾಪರ್ ಕೆಂಡ್ರಿಕ್ ಲಮಾರ್ ಹಾಡಿದ ಮೇಲೆ, ರ‍್ಯಾಪ್ ಅಂದ್ರೆ ಮೂಗು ಮುರಿಯುತ್ತಿದ್ದವರೂ ಅವನ ಹೆಸರು ಹೇಳುತ್ತಿದ್ದಾರೆ. ಖುಷಿಯ ವಿಷಯವೇ. ಆದರೆ 2015ರ ಮಾರ್ಚ್‌ನಲ್ಲಿ ಬಂದ ಅವನ ಈ ಆಲ್ಬಂ ಸುದ್ದಿ ಎತ್ತಿದರೆ ಮಾತು ‘ಆಲ್‌ರೈಟ್’ ಹಾಡಿನ ಆಚೆ ಹೋಗುವುದೇ ಇಲ್ಲ. ಇದರಲ್ಲಿ 16 ಹಾಡುಗಳಿವೆ, ಒಟ್ಟು 79 ನಿಮಿಷ. ಮಿಕ್ಕ 15 ಹಾಡು ಎಲ್ಲಿ ಹೋದವು?

ನನ್ನ ಮಾತು ನೇರವಾಗಿ ಹೇಳಿಬಿಡುತ್ತೇನೆ, ಒಪ್ಪದವರು ಜಗಳಕ್ಕೆ ಬನ್ನಿ. ಇದು ಪೊಲೀಸರನ್ನೂ ಸರ್ಕಾರವನ್ನೂ ಬೈಯುವ ಆಲ್ಬಂ ಅಂದುಕೊಂಡು ಕೇಳಿದರೆ ಅರ್ಧ ಮಾತ್ರ ಸಿಗುತ್ತದೆ. ಬೈಯುವವನ ಕೈ ಎಷ್ಟು ಚೊಕ್ಕ ಅನ್ನೋ ಪ್ರಶ್ನೆಯೂ ಇದರಲ್ಲೇ ಇದೆ. ರಾಜಕೀಯ ಹಾಡು ಅಂತ ನಾವು ಕೇಳುವ ಬಹಳಷ್ಟು ಹಾಡುಗಳಲ್ಲಿ ಹಾಡುವವನು ಯಾವ ತಪ್ಪೂ ಮಾಡಿರುವುದಿಲ್ಲ. ಅವನು ಜನರ ಪರ, ಎದುರಿಗಿರುವವನು ಕೆಟ್ಟವನು, ಅಲ್ಲಿಗೆ ಮುಗೀತು. ಇಲ್ಲಿ ಹಾಗಿಲ್ಲ.

ಆರನೇ ಹಾಡು ‘ಯು’ ಕೇಳಿ. ಶುರುವಾಗುವುದೇ ಕಿರುಚಾಟದಿಂದ. ಹೋಟೆಲ್ ರೂಮಿನಲ್ಲಿ ಒಬ್ಬನೇ ಕೂತು ತನ್ನನ್ನು ತಾನೇ ‘ನೀನು’ ಅಂತ ಕರೆದು ಬೈದುಕೊಳ್ಳುತ್ತಾನೆ. ನಡುವೆ ಬಾಗಿಲು ಬಡಿಯುವ ಸದ್ದು. ರೂಮ್ ಕ್ಲೀನ್ ಮಾಡಲು ಬಂದ ಹೆಂಗಸು ಹೊರಗಿನಿಂದ ಸ್ಪ್ಯಾನಿಷ್‌ನಲ್ಲಿ ಕೂಗುತ್ತಾಳೆ, ಒಳಗಿರುವವನು ಬಾಗಿಲು ತೆಗೆಯುವ ಸ್ಥಿತಿಯಲ್ಲಿಲ್ಲ. ಆಮೇಲೆ ದನಿ ಪೂರ್ತಿ ಬದಲಾಗುತ್ತದೆ, ಕುಡಿದು ಗಂಟಲು ಕಟ್ಟಿ ಅಳುವವನ ದನಿ, ಪಕ್ಕದಲ್ಲೇ ಬಾಟಲಿ ಸದ್ದು. ಗೆಳೆಯ ಆಸ್ಪತ್ರೆಯಲ್ಲಿ ಸಾಯುತ್ತಿದ್ದಾಗ ಹೋಗಿ ನೋಡದೆ ವಿಡಿಯೋ ಕಾಲ್‌ನಲ್ಲಿ ಮುಗಿಸಿದೆ ಅಂತ ತನಗೇ ತಾನು ಹೇಳಿಕೊಳ್ಳುವ ಜಾಗ ಇದೆಯಲ್ಲ, ಅಲ್ಲಿ ನನಗೆ ಹೊಟ್ಟೆಯೊಳಗೆ ಏನೋ ಆಗುತ್ತದೆ. ಊರಿಗೆಲ್ಲ ದಾರಿ ತೋರಿಸುತ್ತೇನೆ ಅನ್ನುವವನು ಮನೆಯವರಿಗೇ ಆಗಿಬರಲಿಲ್ಲ.

ಇದರ ಬೆನ್ನಿಗೇ ‘ಆಲ್‌ರೈಟ್’ ಬರುತ್ತದೆ. ಎಲ್ಲ ಸರಿಹೋಗುತ್ತದೆ ಅಂತ ಹೇಳುತ್ತಿರುವವನು ಈಗಷ್ಟೇ ನೆಲದ ಮೇಲೆ ಬಿದ್ದು ಅಳುತ್ತಿದ್ದ. ‘ಯು’ ಬಿಟ್ಟು ‘ಆಲ್‌ರೈಟ್’ ಮಾತ್ರ ಕೇಳಿದರೆ ಒಂದು ಒಳ್ಳೆಯ ಹಾಡು ಸಿಗುತ್ತದೆ. ಎರಡೂ ಕೇಳಿದರೆ ಆ ಮಾತಿಗೆ ಅವನು ಕೊಟ್ಟ ಬೆಲೆ ಏನು ಅಂತ ಗೊತ್ತಾಗುತ್ತದೆ.

ನಿಮಗೆ ಏನನ್ನಿಸಿತು ಹೇಳಿ. ಚೆನ್ನಾಗಿದೆ, ಬೆಂಕಿ ಗುರು ಅಂತ ಬರೆದು ಹೋಗಬೇಡಿ ದಯವಿಟ್ಟು.

ಮೃದಂಗ ಚಾಮರಾಜಪೇಟೆ:

ಸರ್, ಸಾಹಿತ್ಯದ ಬಗ್ಗೆ ಬೇರೆಯವರು ಹೇಳಲಿ, ನಾನು ವಾದ್ಯದ ಕಡೆಯಿಂದ ಬರುತ್ತೇನೆ. ರಾಮನವಮಿ ಕಛೇರಿಗಳನ್ನು ಕೇಳಿಕೊಂಡು ಬೆಳೆದವನು ನಾನು. ರ‍್ಯಾಪ್ ಅಂದ್ರೆ ಕಂಪ್ಯೂಟರ್ ಬೀಟ್ ಮೇಲೆ ಮಾತು ಅನ್ನುವವರ ನಡುವೆಯೇ ಇದ್ದೇನೆ. ಅವರಿಗೆಲ್ಲ ಈ ಆಲ್ಬಂನ ಎರಡನೇ ಟ್ರ್ಯಾಕ್ ‘ಫಾರ್ ಫ್ರೀ’ ಕೇಳಿಸುತ್ತೇನೆ. ಎರಡು ನಿಮಿಷ ಚಿಲ್ಲರೆ ಅಷ್ಟೇ. ರಾಬರ್ಟ್ ಗ್ಲಾಸ್ಪರ್ ಪಿಯಾನೋ, ಹಿಂದೆ ಓಡುವ ಜಾಸ್, ಅದರ ಮೇಲೆ ಕೆಂಡ್ರಿಕ್ ಮಾತು. ತಾಳ ತಪ್ಪಿತು ಅನ್ನುವಷ್ಟರಲ್ಲಿ ಸಮಕ್ಕೆ ಬಂದು ಕೂರುತ್ತಾನೆ. ತನಿ ಆವರ್ತನದಲ್ಲಿ, ಅಂದ್ರೆ ತಾಳವಾದ್ಯದವರ ಸರದಿಯಲ್ಲಿ, ಒಬ್ಬರು ಕೊನ್ನಕೋಲ್ (ಬಾಯಲ್ಲಿ ತಾಳದ ಸೊಲ್ಲು) ಹೇಳುತ್ತಾ ನಡೆ ಬದಲಾಯಿಸಿದಾಗ ಸಭೆಯಲ್ಲಿ ಕೈ ಎಣಿಸುತ್ತಿರುವವರ ಮುಖ ನೋಡಿದ್ದೀರಲ್ಲ, ಹಾಗೆ ಆಗುತ್ತದೆ ನನಗೆ.

ಥಂಡರ್‌ಕ್ಯಾಟ್ ಬಾಸ್, ಕಮಾಸಿ ವಾಷಿಂಗ್ಟನ್ ಸ್ಯಾಕ್ಸೊಫೋನ್, ಟೆರೇಸ್ ಮಾರ್ಟಿನ್. ಇವರೆಲ್ಲ ಲಾಸ್ ಏಂಜಲೀಸ್‌ನ ಜಾಸ್ ಕಡೆಯವರು. ಮೊದಲ ಹಾಡಿನಲ್ಲಿ ಜಾರ್ಜ್ ಕ್ಲಿಂಟನ್ ಅವರೇ ಇದ್ದಾರೆ. ಎಪ್ಪತ್ತರ ದಶಕದ ಫಂಕ್ ಸಂಗೀತ ಕಟ್ಟಿದ ಹಿರಿಯರಲ್ಲಿ ಒಬ್ಬರು. ಮುಂದೆ ಲಾಸ್ ಏಂಜಲೀಸ್ ಕಡೆಯ ರ‍್ಯಾಪರ್‌ಗಳು ಬೀಟ್ ಮಾಡಿಕೊಂಡಿದ್ದೇ ಇಂಥವರ ರೆಕಾರ್ಡ್‌ಗಳಿಂದ. ಆ ಅಜ್ಜನನ್ನು ಕರೆದು ಮೊದಲ ಮಣೆ ಹಾಕಿ ಕೂರಿಸಿದ್ದಾನೆ. ಇದೂ ರಾಜಕೀಯವೇ ಅಲ್ವಾ? ನಮ್ಮ ಸಂಗೀತ ಯಾರಿಂದ ಬಂತು ಅಂತ ಹೆಸರು ಹಿಡಿದು ಹೇಳುವುದು.

ಪೀಣ್ಯ ಸೆಕೆಂಡ್ ಶಿಫ್ಟ್:

ನನಗೆ ಈ ಆಲ್ಬಂ ಅಷ್ಟಕ್ಕಷ್ಟೇ. ಬೈಬೇಡಿ. ಅವನದೇ 2012ರ ಆಲ್ಬಂ ‘ಗುಡ್ ಕಿಡ್, ಮ್ಯಾಡ್ ಸಿಟಿ’ ಕೇಳಿ, ಲಾಸ್ ಏಂಜಲೀಸ್ ಪಕ್ಕದ ಕಾಂಪ್ಟನ್‌ನ ಒಬ್ಬ ಹುಡುಗ, ಅವನ ಗೆಳೆಯರು, ಅಮ್ಮನ ವ್ಯಾನು, ಒಂದು ದಿನದ ಕಥೆ. ಒಂದು ಸಿನಿಮಾ ನೋಡಿದ ಹಾಗೆ ಹೋಗುತ್ತದೆ, ಯಾರೂ ಅರ್ಥ ಹೇಳಿಕೊಡಬೇಕಿಲ್ಲ. ಇದಕ್ಕೆ ಪಕ್ಕದಲ್ಲಿ ನೋಟ್ಸ್ ಇಟ್ಟುಕೊಂಡು ಕೂರಬೇಕು. ಅಂಕಲ್ ಸ್ಯಾಮ್ ಯಾರು, ಲೂಸಿ ಯಾರು, ಕುಂಟಾ ಯಾರು, ವೆಸ್ಲಿ ಯಾರು. ನಾಗಸಂದ್ರದಲ್ಲಿ ಹತ್ತಿ ರೇಷ್ಮೆ ಸಂಸ್ಥೆವರೆಗೆ ಮೆಟ್ರೋದಲ್ಲಿ ಕೂತರೂ ಮುಗಿಯಲ್ಲ. ಕೆಲಸ ಮುಗಿಸಿ ಬರುವವನಿಗೆ ಇದೆಲ್ಲ ಎಲ್ಲಿ ಆಗಬೇಕು? ಕಷ್ಟದಲ್ಲಿರುವ ಜನರ ಬಗ್ಗೆ ಹಾಡುತ್ತೇನೆ ಅಂದಮೇಲೆ ಅವರಿಗೆ ಅರ್ಥ ಆಗಬೇಕು.

ಶ್ರೀರಾಂಪುರದ ಕೇಳುಗ:

ಬೈಯಲ್ಲ ಗುರು, ನ್ಯಾಯವಾದ ಮಾತೇ. ಆದರೆ ಅಲ್ಲಿನವರಿಗೆ ಇದಕ್ಕೆ ನೋಟ್ಸ್ ಬೇಕಿಲ್ಲ. ಕುಂಟಾ ಕಿಂಟೆ ಅಂದ್ರೆ ಅಲೆಕ್ಸ್ ಹೇಲಿ ಕಾದಂಬರಿ ‘ರೂಟ್ಸ್’ನ ಗುಲಾಮ, ಅದು ಟಿವಿಯಲ್ಲೂ ಬಂದು ಮನೆಮನೆಗೆ ಗೊತ್ತು. ವೆಸ್ಲಿ ಅಂದ್ರೆ ತೆರಿಗೆ ಲೆಕ್ಕ ಕೊಡದೆ ಜೈಲಿಗೆ ಹೋದ ನಟ ವೆಸ್ಲಿ ಸ್ನೈಪ್ಸ್. ಅಂಕಲ್ ಸ್ಯಾಮ್ ಅಮೆರಿಕ ಸರ್ಕಾರ. ಮೊದಲ ಹಾಡಿನಲ್ಲಿ ಬಂದು, ಕೊಳ್ಳು ಮಗನೇ, ಮನೆ ಕೊಳ್ಳು, ಕಾರು ಕೊಳ್ಳು, ಸಾಲ ಮಾಡು ಅಂತ ಪುಸಲಾಯಿಸಿ ಕೊನೆಗೆ ತೆರಿಗೆ ಹೆಸರಲ್ಲಿ ಹಿಡಿದು ಹಾಕುತ್ತಾನೆ. ಸೂಪರ್ ಬೌಲ್‌ನಲ್ಲಿ ಸ್ಯಾಮುಯೆಲ್ ಜಾಕ್ಸನ್ ಹಾಕಿದ್ದು ಅದೇ ಅಂಕಲ್ ಸ್ಯಾಮ್ ವೇಷ. ಹತ್ತು ವರ್ಷ ಆದರೂ ಆ ಪಾತ್ರ ಇನ್ನೂ ಅವನ ತಲೆಯಲ್ಲಿದೆ ನೋಡಿ.

ಈ ಕೊಳ್ಳು ಕೊಳ್ಳು ಅನ್ನುವ ಭಾಗ ಬೆಂಗಳೂರಿನವರಿಗೆ ಅರ್ಥ ಆಗದೇ ಇರೋಕೆ ಸಾಧ್ಯವೇ ಇಲ್ಲ. ಕೆಲಸ ಸಿಕ್ಕ ಮೊದಲ ತಿಂಗಳೇ ಲೋನ್ ಬೇಕಾ ಅಂತ ಫೋನ್ ಬರುವ ಊರು ಇದು.

ಇಂಗ್ಲಿಷ್ ಮೇಷ್ಟ್ರು:

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಒಂದು ಮುಳ್ಳಿನ ಪ್ರಶ್ನೆ ಎತ್ತುತ್ತೇನೆ. 13ನೇ ಹಾಡು ‘ದ ಬ್ಲ್ಯಾಕರ್ ದ ಬೆರಿ’. ಸಂಗೀತದಲ್ಲಿ ಇದರಷ್ಟು ಸಿಟ್ಟಿನ ಹಾಡು ಆಲ್ಬಂನಲ್ಲಿ ಇನ್ನೊಂದಿಲ್ಲ. ಪ್ರತಿ ಚರಣದ ಶುರುವಿನಲ್ಲೂ ನಾನು ಆಷಾಢಭೂತಿ ಅನ್ನುತ್ತಾನೆ, ಯಾಕೆ ಅಂತ ಹೇಳುವುದಿಲ್ಲ. ನನ್ನ ಮೂಗು, ನನ್ನ ಕೂದಲು, ನನ್ನ ಬಣ್ಣ, ನಿಮಗೆ ನನ್ನನ್ನು ಕಂಡರೆ ಆಗಲ್ಲ ಅಲ್ವಾ ಅಂತ ಮುಖದ ಮೇಲೆ ಹೊಡೆದ ಹಾಗೆ ಕೇಳುತ್ತಾ ಹೋಗಿ, ಕೊನೆಯಲ್ಲಿ ಕಾರಣ ಬಿಚ್ಚುತ್ತಾನೆ. ಟ್ರೇವನ್ ಮಾರ್ಟಿನ್ ಸತ್ತಾಗ ಅತ್ತವನು ನಾನು, ಆದರೆ ಗ್ಯಾಂಗ್ ಜಗಳದಲ್ಲಿ ನನ್ನಂಥ ಕಪ್ಪು ಹುಡುಗನನ್ನೇ ಕೊಂದವನೂ ನಾನು ಅನ್ನುವ ಅರ್ಥ. 17 ವರ್ಷದ ಆ ಕಪ್ಪು ಹುಡುಗ 2012ರಲ್ಲಿ ಫ್ಲೋರಿಡಾದಲ್ಲಿ ಗುಂಡೇಟಿಗೆ ಬಲಿಯಾದವನು. ಗುಂಡು ಹಾರಿಸಿದವನು 2013ರಲ್ಲಿ ಖುಲಾಸೆಯಾದ.

ಹಾಡಾಗಿ ಕೇಳಿದರೆ ಬಲವಾದ ಏಟು. ಆದರೆ ಈ ವಾದ ಯಾರ ಕೈಗೆ ಸಿಗುತ್ತದೆ ಯೋಚಿಸಿ. ನೀವು ನೀವೇ ಹೊಡೆದಾಡಿಕೊಳ್ತೀರಿ, ಮೊದಲು ನೀವು ಸರಿಯಾಗಿ, ಆಮೇಲೆ ಪೊಲೀಸರನ್ನು ಕೇಳಿ. ಅಲ್ಲಿ ಟಿವಿಯವರು ದಿನಾ ಹೇಳುವುದೂ ಇದನ್ನೇ. 2014ರಲ್ಲಿ ಫರ್ಗ್ಯುಸನ್‌ನಲ್ಲಿ ಮೈಕಲ್ ಬ್ರೌನ್ ಅನ್ನೋ ಕಪ್ಪು ಹುಡುಗ ಪೊಲೀಸ್ ಗುಂಡಿಗೆ ಸತ್ತ ಮೇಲೆ, ಈ ಹಾಡು ಬರುವ ಮುಂಚೆ, ಕೆಂಡ್ರಿಕ್ ಬಿಲ್‌ಬೋರ್ಡ್ ಸಂದರ್ಶನದಲ್ಲಿ ನಮ್ಮ ಬಗ್ಗೆ ನಮಗೇ ಗೌರವ ಇಲ್ಲದಿದ್ದರೆ ಬೇರೆಯವರು ಹೇಗೆ ಕೊಡುತ್ತಾರೆ ಅನ್ನುವ ಧಾಟಿಯಲ್ಲಿ ಮಾತಾಡಿದ್ದ. ಅವನ ಜನರೇ ಅವನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ನನ್ನ ಪ್ರಕಾರ ಸರಿಯಾಗೇ ತೆಗೆದುಕೊಂಡರು.

ತಮಟೆ ಸದ್ದು:

ಮೇಷ್ಟ್ರೇ, ನೀವು ಹೇಳಿದ ವಾದ ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಕೇರಿಯವರಿಗೆ ಊರಿನವರು ಹೇಳುವ ಮಾತು ಅದು. ಕುಡಿಯೋದು ಬಿಡಿ, ಜಗಳ ಬಿಡಿ, ಚೊಕ್ಕಟವಾಗಿರಿ, ಆಮೇಲೆ ಸಮಾನತೆ ಕೇಳಿ. ಇದನ್ನು ಹೊರಗಿನವನು ಹೇಳಿದರೆ ನನಗೆ ಮೈ ಉರಿಯುತ್ತದೆ. ನ್ಯಾಯ ಒಳ್ಳೆ ಹುಡುಗರಿಗೆ ಕೊಡುವ ಬಹುಮಾನ ಅಲ್ಲ.

ಆದರೆ ಕೆಂಡ್ರಿಕ್ ಇಲ್ಲಿ ಹೇಳುತ್ತಿರುವುದು ‘ನೀವು’ ಅಂತ ಅಲ್ಲ, ‘ನಾನು’ ಅಂತ. ಅದು ದೊಡ್ಡ ವ್ಯತ್ಯಾಸ. ಸಂದರ್ಶನದಲ್ಲಿ ಬುದ್ಧಿ ಹೇಳಿದ್ದು ತಪ್ಪು, ಒಪ್ಪುತ್ತೇನೆ. ಹಾಡಿನಲ್ಲಿ ಅವನು ಬುದ್ಧಿ ಹೇಳುತ್ತಿಲ್ಲ, ತನ್ನ ಎದೆ ಬಗೆದು ತೋರಿಸುತ್ತಿದ್ದಾನೆ. ಕಾಂಪ್ಟನ್‌ನಂಥ ಜಾಗದಲ್ಲಿ ಬೆಳೆದವನಿಗೆ ಆ ಹಕ್ಕು ಇದೆ. ದ್ವೇಷವನ್ನು ಹೊರಗಿನವರು ಎಷ್ಟು ಆಳಕ್ಕೆ ತುಂಬಿದರು ಅಂದರೆ ಅದು ನನ್ನ ಕೈಯಲ್ಲೇ ಕೆಲಸ ಮಾಡಿತು ಅಂತ ನಾನು ಅದನ್ನು ಕೇಳಿಸಿಕೊಳ್ಳುತ್ತೇನೆ.

ಇಂಗ್ಲಿಷ್ ಮೇಷ್ಟ್ರು:

‘ನಾನು’ ಅಂತ ಹೇಳಿದ ಮಾತನ್ನು ‘ಅವರು’ ಅಂತ ತಿರುಗಿಸಿಕೊಳ್ಳೋಕೆ ಕೇಳುವವನಿಗೆ ಒಂದು ಕ್ಷಣ ಸಾಕು. ಹಾಡು ಲಕ್ಷಾಂತರ ಜನರ ಕಿವಿಗೆ ಹೋಗುತ್ತದೆ, ಅದರಲ್ಲಿ ಕೇರಿಯವರೆಷ್ಟು, ಊರಿನವರೆಷ್ಟು? ನಿಮ್ಮ ಓದು ನನಗೆ ಇಷ್ಟವಾಯಿತು, ಆದರೂ ಆ ಕೊನೆಯ ಸಾಲು ಇನ್ನೂ ಚುಚ್ಚುತ್ತದೆ.

ತಮಟೆ ಸದ್ದು:

ಚುಚ್ಚಲಿ ಬಿಡಿ ಸರ್. ಊರಿನವರು ಏನಂದುಕೊಳ್ಳುತ್ತಾರೋ ಅಂತ ನಾವು ನಮ್ಮೊಳಗಿನ ಮಾತು ಆಡದೇ ಇದ್ದರೆ, ಆಗಲೂ ಊರಿನವರಿಗಾಗಿಯೇ ಹಾಡಿದಂತಾಯಿತು.

ನಾಲ್ಕನೇ ಬ್ಲಾಕ್ ಅಕ್ಕ:

ಈ ಜಗಳ ಓದಿ ಖುಷಿಯಾಯಿತು. ಆದರೆ ಎಲ್ಲರೂ ಗಂಡಸಿನ ಎದೆಯನ್ನೇ ಬಗೆಯುತ್ತಿದ್ದೀರಿ. ಇಷ್ಟು ಯೋಚನೆ ಮಾಡುವ ಆಲ್ಬಂನಲ್ಲಿ ಹೆಂಗಸರು ಎಲ್ಲಿದ್ದಾರೆ? ಸೈತಾನನಿಗೆ ‘ಲೂಸಿ’ ಅಂತ ಹೆಣ್ಣಿನ ಹೆಸರು, ಹೆಣ್ಣಿನ ಹಾಗೆ ಬಂದು ಪುಸಲಾಯಿಸುತ್ತಾಳೆ. ‘ದೀಸ್ ವಾಲ್ಸ್’ ಹಾಡಿನಲ್ಲಿ ಗೆಳೆಯನನ್ನು ಕೊಂದು ಜೈಲಿಗೆ ಹೋದವನ ಮೇಲೆ ಸೇಡು ತೀರಿಸಿಕೊಳ್ಳಲು ಅವನ ಮಗುವಿನ ತಾಯಿಯ ಜೊತೆ ಮಲಗುತ್ತಾನೆ. ತನ್ನ ಹೆಸರಿನ ಬಲವನ್ನು ತಪ್ಪಾಗಿ ಬಳಸಿದೆ ಅಂತ ಅವನೇ ಹೇಳಿಕೊಳ್ಳುತ್ತಾನೆ, ಸರಿ. ಆದರೆ ಅವಳು ಏನಂದುಕೊಂಡಳು? ಅವಳಿಗೆ ಒಂದು ಸಾಲೂ ಇಲ್ಲ. ಇಬ್ಬರು ಗಂಡಸರ ಲೆಕ್ಕ ಚುಕ್ತಾ ಮಾಡುವ ಜಾಗವಾಗಿ ಬಂದು ಹೋಗುತ್ತಾಳೆ. ಆ ಹಾಡಿನ ಸಂಗೀತ ಎಷ್ಟು ಚೆನ್ನಾಗಿದೆಯೋ ಅಷ್ಟೇ ನನಗೆ ಕಸಿವಿಸಿ.

ಇಡೀ ಆಲ್ಬಂನಲ್ಲಿ ಒಬ್ಬಳೇ ಹೆಣ್ಣು ರ‍್ಯಾಪರ್, ರ‍್ಯಾಪ್ಸಡಿ, ‘ಕಾಂಪ್ಲೆಕ್ಷನ್’ ಹಾಡಿನಲ್ಲಿ. ಕಪ್ಪು ಬಣ್ಣದ ಹುಡುಗಿಯಾಗಿ ಬೆಳೆಯುವುದರ ಬಗ್ಗೆ ಅವಳು ಹೇಳುವ ಆ ಒಂದು ಚರಣ ನನಗೆ ಮಿಕ್ಕ ಎಷ್ಟೋ ಹಾಡಿಗಿಂತ ಹತ್ತಿರ. ಹೆಣ್ಣು ನೋಡಲು ಬಂದವರ ಮುಂದೆ ‘ಸ್ವಲ್ಪ ಬಣ್ಣ ಕಮ್ಮಿ’ ಅಂತ ಮನೆಯವರೇ ಮೊದಲು ಹೇಳಿಕೊಳ್ಳುವುದನ್ನು ಕೇಳಿ ಬೆಳೆದವರಿಗೆ ಅದನ್ನು ವಿವರಿಸಬೇಕಿಲ್ಲ. ಅವಳಿಗೆ ಇನ್ನೂ ಎರಡು ಹಾಡು ಕೊಡಬಹುದಿತ್ತು.

ಶ್ರೀರಾಂಪುರದ ಕೇಳುಗ:

ಅಕ್ಕಾ, ‘ದೀಸ್ ವಾಲ್ಸ್’ ಬಗ್ಗೆ ನೀವು ಹೇಳಿದ್ದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ. ಅವಳ ಕಡೆಯಿಂದ ಒಂದು ಚರಣ ಇದ್ದಿದ್ದರೆ ಆ ಹಾಡಿನ ತೂಕವೇ ಬೇರೆ ಆಗುತ್ತಿತ್ತು.

ಪೀಣ್ಯ ಸೆಕೆಂಡ್ ಶಿಫ್ಟ್:

ಇಷ್ಟೆಲ್ಲ ಓದಿದ ಮೇಲೆ ಒಂದು ಹಾಡನ್ನು ಮತ್ತೆ ಹಾಕಿದೆ, ‘ಹೌ ಮಚ್ ಎ ಡಾಲರ್ ಕಾಸ್ಟ್’. ಇದು ನನಗೆ ಮೊದಲಿನಿಂದಲೂ ಇಷ್ಟ, ಯಾಕಂದ್ರೆ ಇದರಲ್ಲಿ ಕಥೆ ಇದೆ. ದಕ್ಷಿಣ ಆಫ್ರಿಕಾದಲ್ಲಿ ಪೆಟ್ರೋಲ್ ಬಂಕ್. ದುಬಾರಿ ಕಾರಿನಲ್ಲಿ ಬಂದ ಕೆಂಡ್ರಿಕ್ ಹತ್ತಿರ ಒಬ್ಬ ಭಿಕ್ಷುಕ ಹತ್ತು ರ‍್ಯಾಂಡ್ ಕೇಳುತ್ತಾನೆ. ಇವನು ಕೊಡಲ್ಲ. ಕೊಟ್ಟರೆ ನಶೆಗೆ ಹಾಕ್ತಾನೆ ಅಂತ ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಡುತ್ತಾನೆ. ಆ ಮುದುಕ ಹೋಗಲ್ಲ, ಸುಮ್ನೆ ನೋಡ್ತಾ ನಿಂತಿರುತ್ತಾನೆ. ಇವನಿಗೆ ಮೊದಲು ಕಿರಿಕಿರಿ, ಆಮೇಲೆ ಸಿಟ್ಟು. ನಾನು ಕಷ್ಟಪಟ್ಟು ದುಡಿದಿದ್ದು, ನಿಂಗ್ಯಾಕೆ ಕೊಡಲಿ ಅನ್ನುತ್ತಾನೆ. ಕೊನೆಗೆ ಆ ಮುದುಕ ದೇವರು. ನೀನು ಉಳಿಸಿಕೊಂಡ ಆ ಕಾಸಿನ ಬೆಲೆ ಸ್ವರ್ಗದಲ್ಲಿ ನಿನಗಿದ್ದ ಜಾಗ ಅಂತ ಹೇಳಿ ಮುಗಿಸುತ್ತಾನೆ.

ದಾಸರ ಪದದಲ್ಲೂ ಹರಿಕಥೆಯಲ್ಲೂ ಭಿಕ್ಷುಕನ ವೇಷದಲ್ಲಿ ದೇವರು ಬರುವುದನ್ನು ಎಷ್ಟು ಸಲ ಕೇಳಿಲ್ಲ ನಾವು. ಆದರೂ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಗಾಜು ತಟ್ಟಿದಾಗ ಎಲ್ಲರೂ ಫೋನ್ ನೋಡುತ್ತಾರೆ. ಆ ಕ್ಷಣದಲ್ಲಿ ಮನಸ್ಸು ಒಂದಾದ ಮೇಲೊಂದು ಕಾರಣ ಹುಡುಕುತ್ತದಲ್ಲ, ಇದು ದೊಡ್ಡ ದಂಧೆ, ಕೊಟ್ಟರೆ ಸೋಮಾರಿ ಆಗ್ತಾರೆ, ಅದನ್ನು ಒಂದೂ ಬಿಡದೆ ಹಾಡಿನಲ್ಲಿ ಇಟ್ಟಿದ್ದಾನೆ. ಒಬಾಮಾ 2015ರ ತನ್ನ ನೆಚ್ಚಿನ ಹಾಡು ಅಂತ ಹೇಳಿದ್ದು ಇದನ್ನೇ. ಆಲ್ಬಂ ಮುಖಪುಟದಲ್ಲಿ ನೋಡಿದರೆ ವೈಟ್ ಹೌಸ್ ಮುಂದೆ ಅಂಗಿ ಇಲ್ಲದ ಹುಡುಗರ ಗುಂಪು, ಕೈಯಲ್ಲಿ ನೋಟು, ಕಾಲ ಕೆಳಗೆ ಬಿದ್ದಿರುವ ಜಡ್ಜ್.

ಆದರೂ 79 ನಿಮಿಷ ಜಾಸ್ತಿನೇ.

ಫ್ರೀಡಂ ಪಾರ್ಕ್ ಗೇಟ್:

ಮೂಲ ಪೋಸ್ಟ್ ಹಾಕಿದವರಿಗೆ ಒಂದು ತಕರಾರು. ‘ಆಲ್‌ರೈಟ್’ ಒಂದನ್ನೇ ಕೇಳುವವರ ಬಗ್ಗೆ ನಿಮಗೆ ಸ್ವಲ್ಪ ಅಸಮಾಧಾನ ಇದ್ದ ಹಾಗಿದೆ. 2015ರ ಜುಲೈನಲ್ಲಿ ಕ್ಲೀವ್‌ಲ್ಯಾಂಡ್ ಸ್ಟೇಟ್ ಯೂನಿವರ್ಸಿಟಿ ಹತ್ತಿರ ಸೇರಿದ್ದ ಜನ ಪೊಲೀಸರ ಎದುರು ನಿಂತು ಇದರ ಪಲ್ಲವಿ ಹಾಡಿದರು. ಆ ಜನ ಆರನೇ ಹಾಡು ಕೇಳಿ ಬಂದಿದ್ದರಾ ಅಂತ ಯಾರೂ ಕೇಳಬೇಕಿಲ್ಲ. ಮೆರವಣಿಗೆಯಲ್ಲಿ ನಡೆಯುವವರಿಗೆ ಒಟ್ಟಿಗೆ ಹೇಳುವ ಒಂದು ಸಾಲು ಬೇಕು, ಉಸಿರು ಬಿಗಿ ಹಿಡಿದು ನಿಲ್ಲಲು. ನಾನು ಟೌನ್‌ಹಾಲ್ ಮೆಟ್ಟಿಲ ಮೇಲೂ ಕೂಗಿದ್ದೇನೆ, ಈಗ ಫ್ರೀಡಂ ಪಾರ್ಕ್ ಒಳಗೂ ಕೂಗುತ್ತೇನೆ. ಅದು ಹಿಂದೆ ಸೆಂಟ್ರಲ್ ಜೈಲ್ ಆಗಿತ್ತು, ಈಗ ಪ್ರತಿಭಟನೆ ಮಾಡೋದಾದರೆ ಅದರೊಳಗೇ ಮಾಡಿ ಅನ್ನುತ್ತಾರೆ. ಅಲ್ಲಿ ಗಂಟಲು ಹೋಗುವ ತನಕ ಕೂಗುವಾಗ ಆತ್ಮಪರೀಕ್ಷೆಯ ಹಾಡು ಕೆಲಸಕ್ಕೆ ಬರಲ್ಲ. ಘೋಷಣೆ ಕಮ್ಮಿ ದರ್ಜೆಯ ಕವಿತೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ಆ ಹಾಡಿಗೆ ಹೆದರಿದವರು ಅದರ ಬಲ ಸರಿಯಾಗಿ ಅಳೆದಿದ್ದರು. 2015ರಲ್ಲಿ ಬಿಇಟಿ ಅನ್ನೋ ಅಮೆರಿಕದ ಟಿವಿ ಚಾನೆಲ್‌ನ ಪ್ರಶಸ್ತಿ ಸಮಾರಂಭದಲ್ಲಿ ಕೆಂಡ್ರಿಕ್ ಪೊಲೀಸ್ ಕಾರಿನ ಮೇಲೆ ನಿಂತು ಹಾಡಿದ್ದಕ್ಕೆ ಫಾಕ್ಸ್ ನ್ಯೂಸ್‌ನವರು ಹಿಪ್-ಹಾಪ್ ಕಪ್ಪು ಯುವಕರಿಗೆ ವರ್ಣದ್ವೇಷಕ್ಕಿಂತ ಹೆಚ್ಚು ಹಾನಿ ಮಾಡಿದೆ ಅಂದರು. ಅದೇ ದನಿಯನ್ನು 2017ರ ಆಲ್ಬಂ ‘ಡ್ಯಾಮ್’ನಲ್ಲಿ ತುಂಡು ಮಾಡಿ ಹಾಕಿದ, ಆ ಆಲ್ಬಂಗೆ ಮುಂದಿನ ವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು.

ತಮಟೆ ಸದ್ದು:

ಫ್ರೀಡಂ ಪಾರ್ಕ್ ಅಣ್ಣ ಹೇಳಿದ್ದು ಕೇಳಿ ಸಿದ್ಧಲಿಂಗಯ್ಯ ನೆನಪಾದರು. ನಮ್ಮ ಊರಿನ ಕವಿ, ಇದೇ ಶ್ರೀರಾಂಪುರದಲ್ಲಿ ಬೆಳೆದವರು. ‘ಹೊಲೆಮಾದಿಗರ ಹಾಡು’ ಬಂದಿದ್ದು 1975ರಲ್ಲಿ. ದಲಿತ ಸಂಘರ್ಷ ಸಮಿತಿ ಮೆರವಣಿಗೆಗಳಲ್ಲಿ ಅವರ ಹಾಡುಗಳನ್ನು ತಮಟೆ ಬಡಿದುಕೊಂಡು ಹಾಡುತ್ತಿದ್ದರು, ಪುಸ್ತಕ ಓದದವರ ಬಾಯಲ್ಲೂ ಇದ್ದವು. ನಮ್ಮ ಕಡೆ ಈಗಲೂ ಜಾಥಾ ಅಂದ್ರೆ ಅವೇ ಹಾಡು. ಮುಂದೆ ಅವರು ವಿಧಾನ ಪರಿಷತ್ತಿಗೆ ಹೋದರು, ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದರು. ದನಿ ಮೆತ್ತಗಾಯಿತು ಅಂತ ಕೆಲವರು ದೂರಿದರು, ಬೀದಿಯಲ್ಲಿದ್ದ ಮಾತನ್ನು ಸದನದ ಒಳಗೆ ಒಯ್ದರು ಅಂತ ಕೆಲವರು ಸಮರ್ಥಿಸಿದರು. ನಮ್ಮ ಮನೆಯಲ್ಲೇ ಅಪ್ಪ ಒಂದು ಕಡೆ, ಚಿಕ್ಕಪ್ಪ ಒಂದು ಕಡೆ.

ಕೆಂಡ್ರಿಕ್ ಆಲ್ಬಂ ಪೂರ್ತಿ ಇದೇ ಪ್ರಶ್ನೆ ಅಲ್ವಾ. ಹೆಸರು ಬಂತು, ದುಡ್ಡು ಬಂತು, ನನ್ನವರು ಅಲ್ಲೇ ಉಳಿದರು, ಈಗ ನಾನು ಯಾರು? ಬೇರೆಯವರು ಕೇಳುವ ಮುಂಚೆ ತಾನೇ ಕೇಳಿಕೊಂಡ. ಕನ್ನಡ ರ‍್ಯಾಪ್‌ನಲ್ಲಿ ನನಗೆ ಬೇಕಿರುವುದು ಇದು. ನಮ್ಮ ಹುಡುಗರಿಗೆ ಫ್ಲೋ ಇದೆ, ಭಾಷೆ ಮೇಲೆ ಹಿಡಿತ ಇದೆ, ಕನ್ನಡದ ಅಭಿಮಾನ ಬೇಕಾದಷ್ಟಿದೆ. ಚೆನ್ನೈನಲ್ಲಿ ಸಿನಿಮಾ ನಿರ್ದೇಶಕ ಪಾ. ರಂಜಿತ್ ಬೆಂಬಲದಲ್ಲಿ ಕಾಸ್ಟ್‌ಲೆಸ್ ಕಲೆಕ್ಟಿವ್ ತಂಡ ಶುರುವಾದಾಗ ಅಲ್ಲಿನ ಕೇರಿಗಳ ಗಾನಾ ಹಾಡುಗಾರರೂ ರ‍್ಯಾಪರ್‌ಗಳೂ ಒಂದೇ ವೇದಿಕೆ ಹತ್ತಿ ಜಾತಿ ಬಗ್ಗೆ ಹೆಸರು ಹಿಡಿದು ಹಾಡಿದರು. ಇಲ್ಲಿ ತಮಟೆ ಇದೆ, ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀಯೂ ಬಂತು. ಮೃದಂಗ ಸರ್ ಹೇಳಿದರಲ್ಲ ಜಾರ್ಜ್ ಕ್ಲಿಂಟನ್‌ಗೆ ಮೊದಲ ಮಣೆ ಹಾಕಿದ್ದು, ಹಾಗೆ ತಮಟೆಯನ್ನು ಎದುರಿಗೆ ಕೂರಿಸಿ ಒಂದು ಇಡೀ ಆಲ್ಬಂ ಮಾಡುವವರು ಬೇಕು.

ಮೃದಂಗ ಚಾಮರಾಜಪೇಟೆ:

ಯಾರಾದರೂ ಮಾಡುವುದಾದರೆ ಹೇಳಿ. ತಮಟೆ ಜೊತೆ ನುಡಿಸೋಕೆ ನಾನು ಬರುತ್ತೇನೆ. ಚರ್ಮವಾದ್ಯದ ಮುಂದೆ ಚರ್ಮವಾದ್ಯ, ಇದರಲ್ಲಿ ಮೇಲು ಕೀಳು ಏನಿದೆ.

ಹೊಸಬ ಯಲಹಂಕ:

ನಾನು ಈಗಷ್ಟೇ ಪೂರ್ತಿ ಕೇಳಿ ಮುಗಿಸಿದೆ. ಕೊನೆಯಲ್ಲಿ ಹಳೆಯ ರ‍್ಯಾಪರ್ ಟೂಪಾಕ್ ಜೊತೆ ಮಾತಾಡ್ತಾನಲ್ಲ, ಅದು ನಿಜವಾದ ದನಿಯಾ? ಸತ್ತವರ ದನಿ ಹಾಗೆ ಬಳಸಿಕೊಳ್ಳೋದು ಸರಿನಾ?

ಶ್ರೀರಾಂಪುರದ ಕೇಳುಗ:

ನಿಜವಾದ ದನಿಯೇ. 1994ರಲ್ಲಿ ಸ್ವೀಡನ್ನಿನ ರೇಡಿಯೋ ಪತ್ರಕರ್ತ ಮ್ಯಾಟ್ಸ್ ನಿಲೆಸ್ಕಾರ್ ಮಾಡಿದ ಸಂದರ್ಶನ ಅದು. ಟೂಪಾಕ್ 1996ರಲ್ಲಿ ತೀರಿಕೊಂಡ. ಆ ಪತ್ರಕರ್ತನ ಪ್ರಶ್ನೆಗಳನ್ನು ತೆಗೆದು ಆ ಜಾಗದಲ್ಲಿ ಕೆಂಡ್ರಿಕ್ ತನ್ನ ಪ್ರಶ್ನೆ ಕೂರಿಸಿದ್ದಾನೆ. ಸರಿನಾ ಅಂದ್ರೆ, ನನ್ನ ಪ್ರಕಾರ ಸರಿ. ಟೂಪಾಕ್ ಬಾಯಲ್ಲಿ ಅವನು ಆಡದ ಮಾತು ಒಂದೂ ಹಾಕಿಲ್ಲ. ಆಲ್ಬಂ ಪೂರ್ತಿ ಹಾಡುಗಳ ನಡುವೆ ಒಂದು ಕವಿತೆ ಸಾಲು ಸಾಲಾಗಿ ಬೆಳೆಯುತ್ತಾ ಬರುತ್ತದೆ ನೋಡಿ, ಅದು ಯಾರಿಗೆ ಬರೆದಿದ್ದು ಅಂತ ಇಲ್ಲಿಯ ತನಕ ಗೊತ್ತಾಗಲ್ಲ. ಟೂಪಾಕ್ ಮುಂದೆ ಪೂರ್ತಿ ಓದಿ ಮುಗಿಸಿದಾಗಲೇ ಗೊತ್ತಾಗೋದು. ಆಮೇಲೆ ಇನ್ನೊಂದು ಬರಹ ಓದಿ, ಇದರ ಬಗ್ಗೆ ನಿನ್ನ ಅಭಿಪ್ರಾಯ ಏನು ಅಂತ ಕೇಳುತ್ತಾನೆ. ಟೂಪಾಕ್ ಕಡೆಯಿಂದ ಉತ್ತರ ಇಲ್ಲ. ಹೆಸರು ಹಿಡಿದು ಕೂಗುತ್ತಾನೆ, ಆಗಲೂ ಇಲ್ಲ.

ನಾಲ್ಕನೇ ಬ್ಲಾಕ್ ಅಕ್ಕ:

ನನಗೆ ಅದು ಸರಿ ಅನ್ನಿಸಲ್ಲ. ಎದುರಿಗಿರುವವನು ತಿರುಗಿ ಪ್ರಶ್ನೆ ಕೇಳೋಕೆ ಆಗದೇ ಇದ್ದಾಗ ಅದು ಸಂಭಾಷಣೆ ಆಗಲ್ಲ. ಟೂಪಾಕ್ ಬದುಕಿದ್ದಿದ್ದರೆ ಈ ಹುಡುಗನಿಗೆ ಏನೇನು ಕೇಳುತ್ತಿದ್ದನೋ.

ಶ್ರೀರಾಂಪುರದ ಕೇಳುಗ:

ಅದಕ್ಕೇ ಅಕ್ಕಾ ಕೊನೆಯಲ್ಲಿ ಉತ್ತರ ಬರದ ಹಾಗೆ ಬಿಟ್ಟಿದ್ದಾನೆ ಅಂತ ನಾನು ಅಂದುಕೊಂಡಿದ್ದೇನೆ. ಯಲಹಂಕದವರೇ, ‘ಐ’ ಹಾಡಿನ ಬಗ್ಗೆ ನೀವು ಏನೂ ಹೇಳಲಿಲ್ಲ. 2014ರಲ್ಲಿ ಸಿಂಗಲ್ ಆಗಿ ಬಂದಿದ್ದನ್ನೂ ಒಮ್ಮೆ ಹಾಕಿ ಕೇಳಿ. ಅದು ನುಣ್ಣಗಿದೆ. ಆಲ್ಬಂನಲ್ಲಿ ಕಾರ್ಯಕ್ರಮದ ನಡುವೆ ಹಾಡುತ್ತಿರುವ ಹಾಗಿದೆ, ಜನರ ಗುಂಪಿನಲ್ಲಿ ಜಗಳ ಶುರುವಾಗುತ್ತದೆ, ಹಾಡು ನಿಲ್ಲಿಸಿ ಅವರನ್ನು ಸಮಾಧಾನ ಮಾಡಲು ಹೋಗುತ್ತಾನೆ. ಎರಡೂ ಕೇಳಿ ಯಾವುದು ಇಷ್ಟವಾಯಿತು ಬರೆಯಿರಿ.